ತುಂಬಿ ನಿಂತ ತೊಟ್ಟಿ

ನಾನು ಒಂದು ಉಕ್ಕಿನ ತೊಟ್ಟಿ. ಉತ್ತರದ ಚಳಿನಾಡಿನಲ್ಲಿ ನನ್ನ ಗೋಡೆಗಳನ್ನು ಬೆಸೆದು, ಮೀನು ಹಿಡಿಯುವ ದೊಡ್ಡ ಹಡಗೊಂದರ ಹೊಟ್ಟೆಯಲ್ಲಿ ಕೂರಿಸಿದರು. ನಾವು ಹೋಗುತ್ತಿದ್ದದ್ದು ದಕ್ಷಿಣ ಧ್ರುವದ ಬಳಿಯ ಕಡಲಿಗೆ. ಅಲ್ಲಿ ಸಿಗುವುದು ಕ್ರಿಲ್, ಕಿರುಬೆರಳುದ್ದದ ಸೀಗಡಿಯಂಥ ಜೀವಿ. ಬಲೆಯಿಂದ ನನ್ನೊಳಗೆ ಬಿದ್ದು, ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಇದ್ದು, ನನ್ನ ಅಡಿಬಾಗಿಲಿನಿಂದ ಒಣಗಿಸುವ ಯಂತ್ರಕ್ಕೆ ಹೋಗುತ್ತಿತ್ತು. ತಡವಾದರೆ ಕಪ್ಪಾಗಿ ಕೆಡುತ್ತಿತ್ತು.

ಮೊದಲ ಮಾಲೀಕರು ನನಗೆ ತುಕ್ಕು ಹತ್ತುವವರೆಗೆ ದುಡಿಸಿ ಹಡಗನ್ನು ಮಾರಿದರು. ಎರಡನೆಯವರ ಕಾಲದಲ್ಲಿ ಕುಂದಾಪುರದ ಕಡೆಯವರು ಕೆಲಸಕ್ಕೆ ಬಂದರು. ನನ್ನ ಬಾಗಿಲು ಮಹಾಬಲ ಮೆಂಡನ್ನರ ಕೈಯಲ್ಲಿತ್ತು. ಕೆಳಗಿನಿಂದ ನನಗೆ ಕಾಣುತ್ತಿದ್ದದ್ದು ಅವರ ರಬ್ಬರ್ ಬೂಟು ಮಾತ್ರ. ಅದು ಎಳೆದುಕೊಂಡು ನಡೆಯುವ ರೀತಿಯಲ್ಲೇ ದಣಿವು ತಿಳಿಯುತ್ತಿತ್ತು.

ಆ ವರ್ಷ ಕಂಪನಿ ಪ್ರಮೀಳಾ ಖಾರ್ವಿ ಎಂಬವಳನ್ನು ಕಳಿಸಿತು. ಅವಳೂ ಅದೇ ಕಡೆಯವಳು, ಕುಂದಾಪುರದ ಪಕ್ಕದ ಗಂಗೊಳ್ಳಿಯವಳು. ಯಾವ ಹಡಗು ತನ್ನ ಸಾಮರ್ಥ್ಯವನ್ನು ಎಷ್ಟು ಬಳಸುತ್ತದೆ ಎಂದು ಅಳೆಯುವುದು ಅವಳ ಕೆಲಸ. ಹಿಂದೆ ಬಿದ್ದ ಹಡಗನ್ನು ಒಡೆಯಲು ಕಳಿಸುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೆ ಅದಕ್ಕಾಗಿ ಯಾವುದನ್ನು ಅಳೆಯುತ್ತೇನೆಂದು ಅವಳು ಹೇಳುವಂತಿರಲಿಲ್ಲ. ಹೇಳಿದರೆ ಜನ ಅಳತೆಗೆ ತಕ್ಕಂತೆ ನಟಿಸುತ್ತಾರೆಂದು ಮೇಲಿನವರ ಅಂಜಿಕೆ.

ಅವಳು ದಿನವೂ ಬಂದು ನನ್ನೊಳಗೆ ಅಳತೆಯ ಕೋಲು ಇಳಿಸುತ್ತಿದ್ದಳು. ಅದನ್ನು ಕಂಡವರು ತೊಟ್ಟಿ ತುಂಬಿದ್ದರೆ ಒಳ್ಳೆಯದೆಂದು ತಿಳಿದರು. ಅವಳು ಮೆಟ್ಟಿಲಿಳಿಯುವ ಮೊದಲೇ ಮಹಾಬಲರು ಬಾಗಿಲು ಮುಚ್ಚಿ ನನ್ನನ್ನು ಕಂಠದವರೆಗೆ ತುಂಬಿಸತೊಡಗಿದರು. “ನೆಂಟ್ರ್ ಬಪ್ಪತ್ತಿಗೆ ಹಂಡಿ ತುಂಬ್ಸಿಡೂದ್ ನಮ್ ಬದಿ ಮರ್ಯಾದಿ,” ಎಂದು ಜೊತೆಯವರಿಗೆ ಹೇಳಿ ನಗುತ್ತಿದ್ದರು. ಅತ್ತ ಯಂತ್ರ ಬರಿದೇ ತಿರುಗುತ್ತಿತ್ತು. ಇತ್ತ ನನ್ನ ತಳದಲ್ಲಿ ಕ್ರಿಲ್ ನಜ್ಜುಗುಜ್ಜಾಗುತ್ತಿತ್ತು. ಪ್ರಮೀಳಾಳ ಬೆರಳುಗಳು ನನ್ನ ಅಂಚನ್ನು ಬಿಗಿಯಾಗಿ ಹಿಡಿಯುತ್ತಿದ್ದವು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಒಂದು ದಿನ ಕಪ್ಪಾದ ರಾಶಿಯನ್ನು ಸಲಿಕೆಯಿಂದ ಕಡಲಿಗೆ ಎಸೆಯುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ.

“ಮಹಾಬಲಣ್ಣ, ನೀವ್ ಬಾಗ್ಲ್ ತೆಗೀನಿ. ಎಷ್ಟ್ ತುಂಬಿತ್ತ್ ಅಂತ ಅಲ್ಲ, ಎಷ್ಟ್ ಬೇಗ ಖಾಲಿ ಆತ್ತ್ ಅಂತ ನಾನ್ ಕಾಂಬುದ್.”

ಅವರು ಒದ್ದೆ ನೆಲದ ಮೇಲೆಯೇ ಕುಳಿತರು. “ಮೊದ್ಲೇ ಹೇಳೂಕ್ ಆತಿರ್ಲಿಲ್ಯಾ, ತಂಗಿ?”

“ಹೇಳೂಕಾಗ ಅಂದಿದ್ರ್ ಮೇಲಿನೋರ್.”

“ನಮ್ಮೂರ್ ಹೆಣ್ಣ್, ನಿಂಗೂ ಒಳ್ಳೆ ಹೆಸ್ರ್ ಬರ್ಲಿ ಅಂತ ತುಂಬ್ಸಿದ್ದ್,” ಎಂದು ಅವರು ಬಾಗಿಲಿಗೆ ಕೈ ಹಾಕಿದರು.

ಆಮೇಲೆ ನನ್ನ ಬಾಗಿಲು ಮುಚ್ಚಲಿಲ್ಲ. ಯಂತ್ರಕ್ಕೂ ಬಿಡುವಿರಲಿಲ್ಲ. ಆದರೆ ಅದಕ್ಕೂ ಮೊದಲಿನ ಕೆಟ್ಟ ದಿನಗಳೂ ಲೆಕ್ಕಕ್ಕೆ ಸೇರಿದ್ದವು. ಅವಳು ಕಂಡದ್ದನ್ನು ಕಂಡಂತೆ ಬರೆದಳು. ಹೇಳಬಾರದ್ದನ್ನು ಹೇಳಿದೆನೆಂದೂ ಬರೆದಳಂತೆ. ಹಡಗು ಉಳಿಯಲಿಲ್ಲ.

ಈಗ ಹಡಗು ಒಡೆಯುವ ತೀರದಲ್ಲಿ ಮಗ್ಗುಲಾಗಿ ಬಿದ್ದಿದ್ದೇನೆ. ನನ್ನನ್ನು ಕೊಯ್ಯುವ ಸರದಿ ಇನ್ನೂ ಬಂದಿಲ್ಲ. ನನಗೆ ಯಾರ ಮೇಲೂ ಸಿಟ್ಟಿಲ್ಲ, ಸುಸ್ತಷ್ಟೇ. ಬಾಗಿಲ ಬಳಿ ನಿಂತವರು, ಕೋಲು ಹಿಡಿದು ನಿಂತವಳು, ಇಬ್ಬರೂ ಬಯಸಿದ್ದು ಹಡಗು ಉಳಿಯಲೆಂದೇ. ಅದು ಇಬ್ಬರ ನಡುವೆ ಇದ್ದ ನನಗೆ ಗೊತ್ತಿತ್ತು. ನನಗೆ ಮಾತು ಬರುತ್ತಿರಲಿಲ್ಲ. ಮಾತು ಬರುತ್ತಿದ್ದವರು ತಡವಾಗುವವರೆಗೆ ಸುಮ್ಮನಿದ್ದರು.