ತಂಗಿ ಕೊಟ್ಟ ಸೀರೆ

ಖಾನಾಪುರದ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತ ಹೆಂಗಸಿನ ಸೆರಗು ಕಂಡಕೂಡಲೇ ಪ್ರಾಜಕ್ತಾಳಿಗೆ ಅದು ತನ್ನದೇ ಹಳೆಯ ಸೀರೆಯೆಂದು ಗೊತ್ತಾಯಿತು. ನೇರಳೆ ರೇಷ್ಮೆ, ಅಂಚಿನಿಂದ ನಾಲ್ಕು ಬೆರಳು ಒಳಗೆ ಹಳದಿ ದಾರದ ಮೂರು ಹೂವು, ನಡುವಿನದು ತುಸು ಸೊಟ್ಟ.

ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಎರಕದ ಲೋಹ ಪರೀಕ್ಷಿಸುವುದು ಅವಳ ಕೆಲಸ. ಹೋದ ವರ್ಷ ಖಂಡೇನವಮಿಯಂದು ಎಲ್ಲರೂ ಯಂತ್ರಗಳಿಗೆ ಕುಂಕುಮ ಹಚ್ಚುತ್ತಿದ್ದರು. ಆ ದಿನ ಉಪಕರಣ ಮುಟ್ಟಬಾರದು. ಪರೀಕ್ಷೆಗೆ ಉಳಿದ ಒಂದೇ ಲೋಹದ ತುಂಡನ್ನು ನೋಡಿಬಿಡೋಣವೆಂದು ಹೊಸ ಸೀರೆಯಲ್ಲೇ ಕುಳಿತಳು. ನೈಟ್ರಿಕ್ ಆಮ್ಲದ ಮೂರು ಹನಿ ಸೆರಗಿಗೆ ಸಿಡಿದು ಸಣ್ಣ ತೂತು ಬಿದ್ದವು. ರೇಷ್ಮೆಗೆ ಆ ಆಮ್ಲ ತಗುಲಿದರೆ ಮೂಡುವ ಹಳದಿ ಯಾವ ಸಾಬೂನಿಗೂ ಹೋಗುವುದಿಲ್ಲವೆಂದು ಅವಳಿಗೆ ತಿಳಿದದ್ದೇ. ಕಲೆಗೆ ಹೊಂದುವ ದಾರವನ್ನೇ ಹುಡುಕಿ, ತೂತುಗಳ ಮೇಲೆ ಹೂ ಹೊಲಿದಳು. ಎರಡು ಮದುವೆಗಳಿಗೆ ಉಟ್ಟುಹೋದಳು. ಅದೇನು ಹೂವೆಂದು ಒಬ್ಬರೂ ಕೇಳಲಿಲ್ಲ. ಬಾಡಿಗೆ ಮನೆಯಲ್ಲಂತೂ ಕೇಳುವವರೇ ಇರಲಿಲ್ಲ. ಬೇಸಿಗೆಯಲ್ಲಿ ಒಗೆದು, ಇಸ್ತ್ರಿ ಮಾಡಿ, ಹಳೆ ಬಟ್ಟೆ ಕೂಡಿಸಿ ಹಳ್ಳಿಗಳಿಗೆ ಹಂಚುವವರಿಗೆ ಕೊಟ್ಟುಬಂದಿದ್ದಳು.

ಭಾನುವಾರ ಅವಳು ಸುಮ್ಮನೇ ಖಾನಾಪುರಕ್ಕೆ ಹೋಗಿ ಅದೇ ಬಸ್ಸಿಗೆ ಮರಳುವುದುಂಟು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರ ಟಿಕೆಟ್ಟಿಗೆ ಹಣವಿಲ್ಲ. ಜನರ ಮಾತಾದರೂ ಕಿವಿಗೆ ಬೀಳುತ್ತದೆ.

"ಏನ್ ಹಂಗ ನೋಡಾಕತ್ತೀರಿ ಬಾಯಾರ?" ಹೆಂಗಸು ಕೇಳಿದಳು.

ಸೀರೆ ನನ್ನದೆಂದರೆ ಮಾತಿಗೊಂದು ನೆಪ ಸಿಕ್ಕೀತು. ಆದರೆ ನಾಲ್ಕು ಜನರೆದುರು ಈಕೆಯ ಮುಖ ಬಾಡೀತು. ಪ್ರಾಜಕ್ತಾ ಹೂವಿನತ್ತ ಬೆರಳು ತೋರಿಸಿದಳು.

"ಇವೇನ ಹೂವ್ರಿ? ಚಂದ ಅದಾವು."

"ನನ್ನ ತಂಗಿ ಹಾಕ್ಯಾಳ್ರಿ. ಬೆಳಗಾವ್ಯಾಗ ಇರ್ತಾಳ. ಸೀರಿನೂ ಆಕೀನ ಕೊಟ್ಟಾಳ." ಆಕೆ ಸೆರಗು ಹರವಿ ತೋರಿಸಿದಳು. "ನಮ್ಮ ಯಜಮಾನ್ರನ್ನ ನೆಚ್ಚಿಕೊಂಡ್ರ ಒಂದ್ ಕರ್ಚೀಪೂ ಬರಂಗಿಲ್ಲ!"

ಹಿಂದಿನ ಸೀಟಿನವರು ನಕ್ಕರು. ಪ್ರಾಜಕ್ತಾಳೂ ನಕ್ಕಳು.

"ತಂಗಿ ಊರಿಗೆ ಬರ್ತಾರೇನ್ರಿ?"

ಆಕೆ ಹರವಿದ ಸೆರಗನ್ನು ಮತ್ತೆ ಹೊದ್ದಳು. "ಎಲ್ಲೀದ್ರಿ. ನೌಕರಿ ಆಕೀದು. ಪುರುಸೊತ್ತಿಲ್ಲ."

"ಪುರುಸೊತ್ತ ಇರ್ತೈತ್ರಿ," ಪ್ರಾಜಕ್ತಾ ಕಿಟಕಿಯತ್ತ ತಿರುಗಿ ಹೇಳಿದಳು. "ಒಮ್ಮೆ ಕರದ ನೋಡ್ರಿ."

"ಕರೀತೀನ್ ತಗೋರಿ."

ಖಾನಾಪುರ ತಲುಪುವಾಗ ಆಕೆ ಹತ್ತಬೇಕಿದ್ದ ಪಾರಿಶ್ವಾಡದ ಬಸ್ಸು ಹೊರಡುವುದರಲ್ಲಿತ್ತು. "ಪಾರಿಶ್ವಾಡದಾಗ ಸಿದ್ದಕ್ಕ ಅಂತ ಕೇಳ್ರಿ, ಯಾರರ ಮನಿ ತೋರಸ್ತಾರ. ಬರ್ರಿ ಒಮ್ಮೆ," ಎಂದು, ಎಲ್ಲರಿಗೂ ಹೇಳುವ ಹಾಗೆ ಹೇಳಿ ಆಕೆ ಓಡಿದಳು. ನೇರಳೆ ಸೆರಗು ಬಾಗಿಲಲ್ಲೊಮ್ಮೆ ಕಂಡು ಒಳಸೇರಿತು.

ಪ್ರಾಜಕ್ತಾ ಬಂದ ಬಸ್ಸನ್ನೇ ಹತ್ತಿ ಅದೇ ಸೀಟಿನಲ್ಲಿ ಕುಳಿತಳು. ಕಂಡಕ್ಟರ್ ಹುಬ್ಬೇರಿಸಿದ. "ಏನ್ರಿ ಮೇಡಮ್, ಈಗರ ಇಳದ್ರಿ, ಆಗಲೇ ವಾಪಸ್?"

"ಅಕ್ಕನ್ನ ಬಿಡಾಕ ಬಂದಿದ್ನಿ."

ಆತ ಟಿಕೆಟ್ ಹರಿದು ಕೊಟ್ಟ. ಬೆಳಗಾವಿಯವರೆಗೂ ಪಕ್ಕದ ಸೀಟು ಖಾಲಿಯೇ ಇತ್ತು. ಅವಳು ಅದರ ಮೇಲೆ ತನ್ನ ಚೀಲ ಇಡಲಿಲ್ಲ.