ಅಕ್ಕಿ ಕೋಣೆಯಲ್ಲಿ ಹತ್ತು ನಿಮಿಷ

ಮಳವಳ್ಳಿಯ ತರಬೇತಿಯಲ್ಲಿ ನಲವತ್ತು ಜನ ಮೇಷ್ಟ್ರು, ಮೇಡಮ್ಮುಗಳನ್ನು ಕಣ್ಣು ಮುಚ್ಚಿಸಿ ಕೂರಿಸಿದರು. ದಿನಕ್ಕೆ ಹತ್ತು ನಿಮಿಷ ಹೀಗೆ ಉಸಿರು ಗಮನಿಸುತ್ತಾ ಕೂತರೆ ಸಿಟ್ಟು ಇಳಿಯುತ್ತದಂತೆ. ಎರಡು ನಿಮಿಷ ಆಗಿರಲಿಲ್ಲ, ಹಿಂದೆ ಪಿಸುಪಿಸು ಶುರುವಾಯಿತು. ನಾನು ಕಣ್ಣು ಮುಚ್ಚಿಕೊಂಡೇ, "ಯಾರದು ಹಿಂದೆ? ಬಾಯಿ ಮುಚ್ಚಿ," ಎಂದುಬಿಟ್ಟೆ. ತಿರುಗಿ ನೋಡಿದರೆ, ತರಬೇತಿ ಕೊಡಲು ಬಂದವರೇ ಕಾಫಿ ತಂದವನ ಜೊತೆ ಮಾತಾಡುತ್ತಾ ನಿಂತಿದ್ದರು.

ಇಪ್ಪತ್ತೆರಡು ವರ್ಷ ಪಾಠ ಮಾಡಿರುವ ಈ ನಾಗರತ್ನ ಮಿಸ್ಸಿನ ಬಾಳು ಇಷ್ಟೇ. ನನ್ನ ಬಾಯಿ ನನ್ನ ಮಾತನ್ನೇ ಕೇಳುವುದಿಲ್ಲ. ಮಂಡ್ಯದ ಡಾಕ್ಟರು ಬಿ.ಪಿ. ನೋಡಿ, "ಮಾತ್ರೆ ನಾನು ಕೊಡ್ತೀನಿ, ಕೂಗೋದು ನೀವು ಬಿಡಿ," ಎಂದಿದ್ದರು. ಆದರೂ ನಾನು ಕಣ್ಣು ಮುಚ್ಚಿ ಕೂತದ್ದು ಬಿ.ಪಿ.ಗೆ ಹೆದರಿ ಅಲ್ಲ, ರಂಜಿತಳಿಗಾಗಿ.

ರಂಜಿತ ನನ್ನ ಐದನೇ ಕ್ಲಾಸಿನ ಹುಡುಗಿ. ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಚಿಕ್ಕಮಾದಮ್ಮನವರ ಮೊಮ್ಮಗಳು. ಜುಲೈಯಲ್ಲಿ ಒಂದು ದಿನ ಪಾಠ ಓದುವಾಗ ಒಂದೇ ಸಾಲಿಗೆ ಮೂರು ಸಲ ತಡವರಿಸಿದಳು. ಅವತ್ತು ಬೆಳಿಗ್ಗೆಯಿಂದ ಮೊಬೈಲಿನಲ್ಲಿ ಮಕ್ಕಳ ಹಾಜರಿ ಹಾಕಲು ಆಗಿರಲಿಲ್ಲ, ಆಫೀಸಿನಿಂದ ಎರಡು ಸಲ ಫೋನು ಬಂದಿತ್ತು. ನಾನು ಪುಸ್ತಕ ಕಿತ್ತುಕೊಂಡು, "ಬಂಡೂರು ಕುರಿಗಾದ್ರೂ ನಿನಗಿಂತ ಬೇಗ ತಲೆಗೆ ಹೋಗುತ್ತೆ," ಎಂದೆ. ಕ್ಲಾಸೆಲ್ಲ ನಕ್ಕಿತು. ಮಾರನೇ ದಿನದಿಂದ ಅವಳ ಹೆಸರೇ ಬಂಡೂರು ಆಯಿತು. ಅವಳು ನನ್ನೆದುರು ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಹಾಜರಿ ಕೂಗಿದರೂ ಕೈ ಎತ್ತುತ್ತಾಳೆ, ಅಷ್ಟೇ.

ತರಬೇತಿ ಮುಗಿಸಿ ಬಂದ ಶನಿವಾರ ಚಿಕ್ಕಮಾದಮ್ಮ ಸೌಟು ಹಿಡಿದುಕೊಂಡೇ ಬಂದು ನಿಂತರು.

"ಮಿಸ್ಸಮ್ಮ, ನನ್ ಮಗ ಕೆಂಪರಾಜು ಟೀಸಿ ಈಸ್ಕೊಂಡು ಬಾ ಅಂತವ್ನೆ. ರಂಜಿತನ್ನ ಮದ್ದೂರಲ್ಲಿ ಅವಳ ಅತ್ತೆ ಮನೇಲಿ ಬುಟ್ಟು ಓದಿಸ್ತನಂತೆ."

"ಯಾಕಂತೆ?"

"ಮನೇಲಿ ವಟವಟ ಅಂತಾಳೆ, ಇಸ್ಕೂಲಲ್ಲಿ ಮೂಗಿಯಂಗೆ ಕುಂತಿರ್ತಾಳೆ. ಯಾಕೆ ಅಂತ ನಿಮ್ಗೇ ಗೊತ್ತಲ್ಲ ಕಣಮ್ಮ. ನಾನ್ಯಾಕ್ ಯೋಳ್ಲಿ."

ಮುಖಕ್ಕೆ ಹೊಡೆದ ಹಾಗೆ ಹೇಳಿದರು. ನನಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಮುಂದಿನ ಶನಿವಾರದವರೆಗೆ ಟೈಮು ಕೊಡಿ ಎಂದು ಕೇಳಿಕೊಂಡೆ. ಮೊದಲು ನನ್ನ ಬಾಯಿ ತಣ್ಣಗಾಗಲಿ, ಆಮೇಲೆ ಅವಳದು ತೆರೆಯಬಹುದು ಎಂದುಕೊಂಡೆ.

ಶಾಲೆಯಲ್ಲಿ ಚಿಲಕ ಸರಿಯಾಗಿರುವುದು ಬಿಸಿಯೂಟದ ಅಕ್ಕಿ ಕೋಣೆಗೆ ಮಾತ್ರ. ಶಾಲೆಗೆ ಇರುವುದು ನಾನು, ಜಯಪ್ರಕಾಶ್ ಮೇಷ್ಟ್ರು ಇಬ್ಬರೇ. ಅಲ್ಲಿ ದಿನಾ ಹತ್ತು ನಿಮಿಷ ಕೂರಲೇ ಎಂದು ಅವರನ್ನು ಕೇಳಿದ್ದಕ್ಕೆ, "ಹೋಗಿ ಮೇಡಂ, ಎರಡೂ ಕ್ಲಾಸು ನಾನೇ ನೋಡ್ಕೋತೀನಿ. ನಿಮ್ಮ ತಲೆ ತಣ್ಣಗಾದ್ರೆ ನನಗೂ ಪುಣ್ಯ," ಎಂದರು. ಪ್ರಾರ್ಥನೆ ಮುಗಿಸಿ ಅಕ್ಕಿ ಮೂಟೆಯ ಮೇಲೆ ಕೂತೆ. ಸೋಮವಾರ ಉಸಿರು ಎಣಿಸಲು ಹೋಗಿ ಮಕ್ಕಳನ್ನು ಎಣಿಸುತ್ತಿದ್ದೆ. ಮಂಗಳವಾರ ಗಲಾಟೆ ಕೇಳಿ ಎರಡು ಸಲ ಬಾಗಿಲವರೆಗೆ ಹೋಗಿ ಬಂದೆ. ಬುಧವಾರ ಹೇಗೋ ಕೂತೆ. ನಾನು ಸದಾ ಹಲ್ಲು ಕಚ್ಚಿಕೊಂಡೇ ಇರುತ್ತೇನೆ ಎಂಬುದು ಅವತ್ತು ಗೊತ್ತಾಯಿತು.

ಗುರುವಾರ ಗೋಡೆಯಾಚೆಯ ನನ್ನ ಕ್ಲಾಸಿನಲ್ಲಿ ಯಾರೋ ಗಟ್ಟಿಯಾಗಿ ಓದುವುದು ಕೇಳಿತು. ನನ್ನ ಮಕ್ಕಳ ದನಿಯೆಲ್ಲ ನನಗೆ ಗೊತ್ತು. ಇದು ಯಾರದೆಂದು ತಿಳಿಯಲಿಲ್ಲ. ಎದ್ದು ಹೋಗಿ ಕಿಟಕಿಯಲ್ಲಿ ಇಣುಕಿದೆ. ರಂಜಿತ ಬೆರಳಿಟ್ಟುಕೊಂಡು ಸಾಲು ಸಾಲಾಗಿ ಓದುತ್ತಿದ್ದಳು. ಪಕ್ಕದಲ್ಲಿ ಕೂತ ಶೋಭಿತಾ, "ಬೇಗ ಓದೇ, ಮಿಸ್ಸು ಇನ್ನೇನ್ ಕಣ್ ಬುಡ್ತಾರೆ," ಎಂದು ಅವಸರ ಮಾಡುತ್ತಿದ್ದಳು. ನನ್ನನ್ನು ಕಂಡದ್ದೇ ತಡ, ಓದು ನಿಂತಿತು.

ನನ್ನ ನೆಮ್ಮದಿಗೆಂದು ನಾನು ಕೂತ ಹತ್ತು ನಿಮಿಷ ಆ ಮಗುವಿಗೆ ನನ್ನಿಂದ ಸಿಕ್ಕ ಬಿಡುವಾಗಿತ್ತು. ಅವತ್ತು ಊಟ ಸೇರಲಿಲ್ಲ.

ಶುಕ್ರವಾರ ಅಕ್ಕಿ ಕೋಣೆಗೆ ಹೋಗಲಿಲ್ಲ. ಕ್ಲಾಸಿನಲ್ಲೇ ಮಕ್ಕಳ ಸಾಲಿನಲ್ಲಿ ನೆಲದ ಮೇಲೆ ಕೂತೆ.

"ರಂಜಿತ, ನಿನ್ನ ಕುರಿ ಅಂದದ್ದು ನನ್ನ ತಪ್ಪು. ಇನ್ಮೇಲೆ ಯಾರೂ ಹಾಗೆ ಕರೆಯಕೂಡದು. ನಾನು ಕಣ್ಣು ಮುಚ್ಕೋತೀನಿ. ಓದಬೇಕು ಅನ್ನಿಸಿದ್ರೆ ಓದು. ನೀನು ಹೇಳೋವರೆಗೂ ಬಿಡಲ್ಲ."

ಓದಲಿಲ್ಲ. ಬೆಲ್ಲು ಹೊಡೆಯಿತು. ಅವಳು ಹೇಳದೆ ಕಣ್ಣು ಬಿಡುವ ಹಾಗಿಲ್ಲ. ಕೊನೆಗೆ ಶೋಭಿತಾ, "ಅವ್ಳು ಎದ್ದು ಆಚೆಗೋದ್ಲು ಮಿಸ್," ಎಂದಳು.

ಶನಿವಾರ ಟೀಸಿ ಬರೆದು ಮೇಜಿನ ಮೇಲಿಟ್ಟು ಮತ್ತೆ ಮಕ್ಕಳ ಸಾಲಿನಲ್ಲೇ ಕೂತೆ. ಕಣ್ಣು ಮುಚ್ಚಿದೆ. ಒಲೆ ಹತ್ತಿಸಿದ ವಾಸನೆ ಬಂತು. ತುಂಬಾ ಹೊತ್ತಾದ ಮೇಲೆ ಪುಟ ಮಗುಚಿದ ಸದ್ದಾಯಿತು. ಆಮೇಲೆ ಆ ದನಿ. ಜುಲೈಯಲ್ಲಿ ಓದುತ್ತಿದ್ದ ಅದೇ ಪಾಠ. ಅದೇ ಸಾಲಿಗೆ ಬಂದು ತಡವರಿಸಿದಳು. ಪದ ನನ್ನ ನಾಲಿಗೆಯ ತುದಿಗೆ ಬಂದು ಕೂತಿತು. ನುಂಗಿಕೊಂಡೆ. ಉಸಿರು ಎಳೆದುಕೊಂಡೆ, ಬಿಟ್ಟೆ. ಇನ್ನೊಂದು ಸಲ ಎಳೆದುಕೊಂಡೆ. ಅವಳೇ ದಾಟಿದಳು. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

ಪುಟ್ಟ ಕೈಯೊಂದು ಮಂಡಿ ಮುಟ್ಟಿತು.

"ಮುಗೀತು ಮಿಸ್. ಕಣ್ ಬುಡಿ."

ಬಿಟ್ಟೆ. ಬಾಗಿಲಲ್ಲಿ ಚಿಕ್ಕಮಾದಮ್ಮ ನಿಂತಿದ್ದರು. "ಟೀಸಿ ಬ್ಯಾಡ ಬುಡಿ ಮಿಸ್ಸಮ್ಮ. ಕೆಂಪರಾಜುಗೆ ನಾ ಯೋಳ್ಕತೀನಿ," ಎಂದು ಅಡುಗೆ ಕೋಣೆಗೆ ಹೋದರು.

ರಂಜಿತ ಪುಸ್ತಕ ಎದೆಗೆ ಒತ್ತಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು.

"ಸೋಮ್ವಾರನೂವೆ ಕಣ್ ಮುಚ್ಕಬೇಕು," ಎಂದಳು.