ಎಕ್ಸ್ ಮನೆ

“ಅಲ್ಲೇ ನಿಂತ್ಕೊಳೇ! ನಿಮ್ ಬೀದಿ ಗಬ್ಬನ್ನೆಲ್ಲ ತಂದು ನನ್ ಟೇಬಲ್ ಮೇಲೆ ಸುರೀಬೇಡ.”

ವಾರ್ಡಿನ ಆರೋಗ್ಯ ಕೇಂದ್ರದ ಇನ್ಸ್‌ಪೆಕ್ಟರ್ ಶಿವಪ್ರಕಾಶ್ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡೇ ಕೈ ಚಾಚಿದ. ಹೊಸ್ತಿಲಾಚೆ ನಿಂತಿದ್ದ ಆಶಾ ಕಾರ್ಯಕರ್ತೆ ಪವಿತ್ರ ಫಾರಂ ಕೊಟ್ಟಳು. ಕೆಸರೆ ಕಡೆಯ ಪೌರಕಾರ್ಮಿಕರ ಬೀದಿ ಅವಳದು. ಹುಟ್ಟಿದ್ದೂ ಅಲ್ಲೇ, ಮಕ್ಕಳ ಕಾಯಿಲೆ ಹುಡುಕಿ ಬರೆಯುವ ಕೆಲಸವೂ ಅಲ್ಲೇ.

ಫಾರಂನಲ್ಲಿ ಒಂದೇ ಹೆಸರು. ಪ್ರೀತಿ, ಆರು ವರ್ಷ, ಗಂಟಲಮಾರಿ (ಡಿಫ್ತೀರಿಯಾ). ಮಗು ಹಿಂದಿನ ದಿನ ದೊಡ್ಡಾಸ್ಪತ್ರೆಯಲ್ಲಿ ತೀರಿಕೊಂಡಿತ್ತು. ವಿಳಾಸ ಖಚಿತಪಡಿಸಿ ಎಂದು ಫಾರಂ ವಾರ್ಡಿಗೆ ಬಂದಿತ್ತು.

“ಮೂರು ವರ್ಷದಿಂದ ಇಲ್ಲಿ ಒಂದೂ ಕೇಸಿಲ್ಲ. ಅದಕ್ಕೇ ಹೋದ ತಿಂಗಳು ತಾನೇ ಹಾರ ಹಾಕಿಸ್ಕೊಂಡಿದೀನಿ,” ಎಂದವನೇ ವಿಳಾಸವನ್ನು ಹೊಡೆದುಹಾಕಿ ‘ವಲಸೆ’ ಎಂದು ಬರೆದ.

“ಸಾರ್, ಅಂಗ್ ಬರುದ್ರೆ ಲಸಿಕೆ ಟೀಮು ನಮ್ ಬೀದೀಗೆ ಬರಲ್ಲ. ಲಸಿಕೆ ಆಗ್ದೆ ಇರೋ ಮಕ್ಳು ಇನ್ನೂ ಹದಿನಾಲ್ಕು ಅವೆ. ನೀವು ಲಸಿಕೆ ಹಾಕೋ ಹೊತ್ನಲ್ಲಿ ಅವ್ರವ್ವದೀರು ಸರಸ್ವತಿಪುರಂ ರೋಡು ಗುಡಿಸ್ತಿರ್ತಾರೆ.”

“ಹಂದಿ ಹಾಗೆ ಹೆತ್ತು ಬೀದಿಗೆ ಬಿಡೋದು ನೀವು, ಎಣಿಸೋದು ನಾನಾ? ಸೈನ್ ಹಾಕು. ಇಲ್ದಿದ್ರೆ ನಾಳೆಯಿಂದ ನೀನೂ ಪೊರಕೆ ಹಿಡಿ.”

ಪವಿತ್ರ ಸೈನ್ ಹಾಕಿದಳು.

ಮನೆಗೆ ಬರುವ ದಾರಿಯುದ್ದಕ್ಕೂ ಅಜ್ಜಿ ಪುಟ್ಟಲಿಂಗಮ್ಮ ಹೇಳುತ್ತಿದ್ದ ಕಥೆ ಕಾಲಿಗೆ ತೊಡರಿಕೊಂಡಿತು. ಮಾರಿ ಬಾಗಿಲು ಬಾಗಿಲಿಗೂ ಬಂದು ‘ಮಕ್ಕಳ್ಯಾರ್‍ಯಾರು?’ ಎಂದು ಕೇಳುತ್ತಾಳಂತೆ. ಹೆಸರು ಹಿಡಿದು ಹೇಳಿದ ಮಕ್ಕಳನ್ನು ಮುಟ್ಟಳಂತೆ; ಹೇಳದೆ ಬಿಟ್ಟವರನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಾಳಂತೆ. ಅದನ್ನು ಕೇಳಿ ಕೇಳಿ, ಪುಟ್ಟ ಪವಿತ್ರ ತನ್ನ ಹೆಸರನ್ನು ಎರಡೆರಡು ಸಲ ಹೇಳಿಕೊಂಡೇ ನಿದ್ದೆಹೋಗುತ್ತಿದ್ದಳು.

ಪ್ರೀತಿಯ ತಾತ ಸಣ್ಣಮಾದಯ್ಯ ಜಗುಲಿಯಲ್ಲಿ ಕೂತಿದ್ದ. ವಿಷಯ ಕೇಳಿ ಮೊದಲು ನಕ್ಕ.

“ವಲಸೆ? ನಾನಾ? ಅವ್ನವ್ವನ್! ಮೂವತ್ತು ದಸರಾ ಆನೆ ಲದ್ದಿ ಬಾಚಿವ್ನಿ ಕಣವ್ವ. ಲದ್ದಿ ಈ ಊರುದ್ದು, ಬಾಚ್ದೋನ್ ಮಾತ್ರ ಬ್ಯಾರೆ ಊರೋನಾ?”

ಪ್ರೀತಿಯ ತಂಗಿ ನಿಶ್ಚಿತಾ ಅವನ ತೊಡೆಯ ಮೇಲೆ ಕೂತು ಬನ್ನು ತಿನ್ನುತ್ತಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ನಿಶ್ಚಿತಾಳಿಗೆ ಬನ್ನು ಇರಲಿ, ನೀರೂ ಇಳಿಯಲಿಲ್ಲ. ಕುತ್ತಿಗೆ ಊದಿ ಗದ್ದಕ್ಕೆ ಸೇರಿತ್ತು. ಉಸಿರು ಗೊರಗೊರ ಎನ್ನುತ್ತಿತ್ತು. ಆಟೋದವರಿಬ್ಬರು ನೋಡಿ ಹಾಗೇ ಹೊರಟುಹೋದರು. ಕಡೆಗೆ ಸಣ್ಣಮಾದಯ್ಯ ಕಸದ ಗಾಡಿಯಲ್ಲೇ ಮಗುವನ್ನು ಎದೆಗವಚಿಕೊಂಡು ದೊಡ್ಡಾಸ್ಪತ್ರೆಗೆ ಹೋದ.

ಪವಿತ್ರ ನೆಟ್ಟಗೆ ಆರೋಗ್ಯ ಕೇಂದ್ರಕ್ಕೆ ನಡೆದಳು. ಚೀಲದಲ್ಲಿ ಪೋಲಿಯೋ ಹನಿ ಹಾಕುವಾಗಿನ ಸೀಮೆಸುಣ್ಣವಿತ್ತು. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಯ ಬಾಗಿಲಿಗೆ ಪಿ ಎಂದು ಬರೆಯಬೇಕು. ಒಂದು ಮಗು ಉಳಿದರೂ ಎಕ್ಸ್. ಎಕ್ಸ್ ಮನೆಗೆ ಟೀಮು ಮತ್ತೆ ಬರಲೇಬೇಕು.

ಕೇಂದ್ರದ ನೀಲಿ ಬಾಗಿಲಿಗೆ ಅವಳು ಆಳೆತ್ತರದ ಎಕ್ಸ್ ಎಳೆದಳು. ಪಕ್ಕದಲ್ಲಿ ಹದಿನಾಲ್ಕು ಎಂದು ಬರೆದು, ಕೆಳಗೆ ಹೆಸರುಗಳನ್ನು ಬರೆಯತೊಡಗಿದಳು. ಮೊದಲ ಹೆಸರು ನಿಶ್ಚಿತಾ. ಲಸಿಕೆಗೆ ಬಂದಿದ್ದ ತಾಯಂದಿರು ಮಕ್ಕಳನ್ನೆತ್ತಿಕೊಂಡು ಸುತ್ತ ನಿಂತರು.

“ಏಯ್, ಏನೇ ಇದು?” ಶಿವಪ್ರಕಾಶ್ ಓಡಿಬಂದ.

“ಎಕ್ಸ್ ಮನೆ ಸಾರ್. ಮಕ್ಳು ಉಳ್ಕಂಡವೆ.”

“ಕೆಲಸ ಹೋಯ್ತು ಅನ್ಕೋ! ಅಂಬುಜಾ, ಒರ್ಸೇ ಅದನ್ನ!”

ಕಸ ಗುಡಿಸುವ ಅಂಬುಜಮ್ಮ ಒದ್ದೆಬಟ್ಟೆ ಹಿಡಿದು ಬಂದಳು. ಅವಳೂ ಅದೇ ಬೀದಿಯವಳು, ಓದು ಬಾರದು. ಬಾಗಿಲನ್ನು ಮೇಲಿಂದ ಕೆಳಗೆ ನೋಡಿದಳು.

“ನನ್ ಕೂಸಿನ ಹೆಸ್ರು ಯಾವ್ದವ್ವ ಇದ್ರಲ್ಲಿ?”

ಪವಿತ್ರ ಬೆರಳಿಟ್ಟು ತೋರಿಸಿದಳು. “ಇಲ್ಲಿ. ಲಾಸ್ಯ.”

ಅಂಬುಜಮ್ಮ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. “ನೀವೇ ಒರುಸ್ಕಳಿ ಸಾ.”

ಚೀಲದಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ಸಣ್ಣಮಾದಯ್ಯನ ನಂಬರು. ಪವಿತ್ರ ಅದನ್ನು ಎತ್ತಲಿಲ್ಲ. ಅಂಬುಜಮ್ಮನ ಭುಜದ ಮೇಲಿನಿಂದ ಕೈಚಾಚಿ, ಉಳಿದಿದ್ದ ಚೂರು ಸೀಮೆಸುಣ್ಣದಲ್ಲಿ, ಮೊದಲ ಹೆಸರನ್ನು ಇನ್ನೊಂದು ಸಲ ಬರೆದಳು.